ನಲ್ಲಿಯಿಲ್ಲದ ಮನೆ

ಮಗಳ ಮನೆ ಇರುವುದು ಫಿನ್ಲೆಂಡಿನ ಎಸ್ಪೊ ನಗರದಲ್ಲಿ. ಅವಳ ಬಡಾವಣೆಯ ಹೆಸರು ತಾಪಿಯೋಲಾ. ಹೋದ ಮೊದಲ ವಾರ ಆ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ಒಂದು ಸಂಜೆ ಕಾಫಿ ಕುಡಿಯುತ್ತಾ ಅರ್ಥ ಕೇಳಿದೆ.

"ತಾಪಿಯೋ ಅಂದ್ರೆ ಇವರ ಕಾಡಿನ ದೇವರು ಅಮ್ಮ. ಹೆಸರಿನ ಕೊನೆಗೆ ‘ಲಾ’ ಅಂತ ಸೇರಿಸಿದರೆ ಅವರಿರೋ ಜಾಗ ಅಂತಾಗತ್ತೆ. ಸಿಬೇಲಿಯಸ್ ಇದೇ ಹೆಸರಲ್ಲಿ ಒಂದು ಸಂಗೀತ ಬರೆದಿದ್ದಾರೆ. ಅವರ ಮನೆ ಇಲ್ಲಿಂದ ದೂರ ಇಲ್ಲ. ಅದರ ಹೆಸರು ಐನೋಲಾ."

"ಐನೋ ಯಾವ ದೇವರು?"

"ದೇವರಲ್ಲ ಅಮ್ಮ. ಅವರ ಹೆಂಡತಿ."

ಆ ಮಾತಿಗೇ ನಾನು ಹೊರಟದ್ದು. ಒಂದು ದೇಶ ತನ್ನ ದನಿ ಎಂದು ಹೇಳಿಕೊಳ್ಳುವ ಸಂಗೀತಗಾರನ ಮನೆ ಹೆಂಡತಿಯ ಹೆಸರಿನಲ್ಲಿದೆ ಎಂದರೆ ಅಲ್ಲಿ ನೋಡುವುದೇನೋ ಇದೆ ಅನ್ನಿಸಿತು.

ಹೆಲ್ಸಿಂಕಿಯಿಂದ ಉತ್ತರಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ಕೂತರೆ ನಲವತ್ತು ಕಿಲೋಮೀಟರಿನೊಳಗೆ ಯಾರ್ವೆನ್‌ಪ್ಯಾ ಸಿಗುತ್ತದೆ. ಯಾರ್ವಿ ಎಂದರೆ ಕೆರೆ, ಪ್ಯಾ ಎಂದರೆ ತುದಿ. ಕೆರೆಯ ತುದಿಯ ಊರು. ನಮ್ಮಲ್ಲೂ ಕೆರೆಕೋಡಿ ಎಂಬ ಹೆಸರಿನ ಊರು ಎಷ್ಟಿಲ್ಲ! ಅದಕ್ಕೂ ಒಂದು ನಿಲ್ದಾಣ ಮೊದಲೇ ಐನೋಲಾ ಎಂಬ ಹೆಸರಿನ ಪುಟ್ಟ ನಿಲ್ದಾಣವಿದೆ. ನಾನು, ಮಗಳು, ಪಿಟೀಲು ಕಲಿಯುತ್ತಿರುವ ಮೊಮ್ಮಗ ಅಲ್ಲಿ ಇಳಿದು ನಡೆದೆವು. ಜೂನ್ ತಿಂಗಳು. ರಾತ್ರಿ ಹನ್ನೊಂದಕ್ಕೂ ಬೆಳಕು ಹೋಗದ ದಿನಗಳು. ಬರ್ಚ್ ಮರಗಳ ಎಲೆ ಇನ್ನೂ ಎಳೆಯದು. ಕೆಂಪು ತೊಗಟೆಯ ಪೈನ್ ಮರಗಳ ನಡುವೆ ಏರುದಾರಿ. ಏರಿ ನಿಂತರೆ ಮರದ ಮನೆ. ಅದರ ಆಚೆ ಹೊಲ, ಹೊಲದಾಚೆ ತೂಸುಲಾ ಸರೋವರ.

ಜಾನ್ ಸಿಬೇಲಿಯಸ್ ಈ ಮನೆಗೆ ಬಂದದ್ದು 1904ರ ಸೆಪ್ಟೆಂಬರ್ 24ರಂದು. ಆಗ ಅವರಿಗೆ ಮೂವತ್ತೆಂಟು ವರ್ಷ, ಹೆಂಡತಿ ಐನೊಗೆ ಮೂವತ್ತಮೂರು. ಮದುವೆಯಾಗಿ ಹನ್ನೆರಡು ವರ್ಷ ಕಳೆದಿತ್ತು. ಹೆಲ್ಸಿಂಕಿಯಲ್ಲಿ ಗೆಳೆಯರು, ಹೋಟೆಲು, ಕುಡಿತ, ಸಾಲ ಎಲ್ಲವೂ ಕೈಮೀರುತ್ತಿದ್ದವು. 1900ರಲ್ಲಿ ಮೂರನೆಯ ಮಗಳು ಕಿರ್ಸ್ತಿ ಎರಡು ತುಂಬುವ ಮೊದಲೇ ಟೈಫಸ್ ಬಂದು ತೀರಿಹೋಗಿದ್ದಳು. ಪಟ್ಟಣದಿಂದ ದೂರ ಹೋಗದೆ ಬರವಣಿಗೆ ನಡೆಯದು ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಸರೋವರದ ದಂಡೆಯಲ್ಲಿ ಆಗಲೇ ಕಲಾವಿದರ ಕೇರಿಯೊಂದು ಬೆಳೆದಿತ್ತು. ಕಾದಂಬರಿಕಾರ ಯುಹಾನಿ ಆಹೊ, ಅವರ ಪತ್ನಿ ಚಿತ್ರಕಾರ್ತಿ ವೆನ್ನಿ ಸೊಲ್ದಾನ್, ಚಿತ್ರಕಾರ ಪೆಕ್ಕಾ ಹಾಲೊನೆನ್, ಐನೊ ಅವರ ಅಣ್ಣ ಚಿತ್ರಕಾರ ಏರೊ ಯಾರ್ನೆಫೆಲ್ಟ್ ಎಲ್ಲರೂ ಅಲ್ಲಿದ್ದವರು. ಮನೆಯ ನಕ್ಷೆ ಮಾಡಿದವರು ಲಾರ್ಸ್ ಸೊಂಕ್ ಎಂಬ ಹೆಸರಾಂತ ವಾಸ್ತುಶಿಲ್ಪಿ. ಸಿಬೇಲಿಯಸ್ ಅವರಲ್ಲಿ ಕೇಳಿಕೊಂಡದ್ದು ಎರಡೇ: ಸರೋವರ ಕಾಣಬೇಕು, ಊಟದ ಕೋಣೆಯಲ್ಲಿ ಹಸಿರು ಬಣ್ಣದ ಬೆಂಕಿಗೂಡು ಬೇಕು. ಅವರಿಗೆ ಸ್ವರಗಳು ಬಣ್ಣಗಳಾಗಿ ಕಾಣುತ್ತಿದ್ದವು. ಹಸಿರೆಂದರೆ ಅವರ ಪಾಲಿಗೆ ಎಫ್ ಮೇಜರ್ ಶ್ರುತಿ.

ಊಟದ ಕೋಣೆಯಲ್ಲಿ ಆ ಬೆಂಕಿಗೂಡು ಈಗಲೂ ನಿಂತಿದೆ. ಮೊಮ್ಮಗ ಅದರ ಮುಂದೆ ನಿಂತು, "ಅಜ್ಜಿ, ಇದು ಕೇಳಿಸ್ತದಾ?" ಎಂದು ಕೇಳಿದ. ನಾನು ಅವನ ಪಕ್ಕ ಸುಮ್ಮನೆ ನಿಂತೆ. ಇಂಥ ಪ್ರಶ್ನೆ ಮಕ್ಕಳಿಗಷ್ಟೇ ಹೊಳೆಯುವುದು.

ಬೆಂಕಿಗೂಡಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಸಿಬೇಲಿಯಸ್ ಬದುಕಿರುವ ತನಕ ಈ ಮನೆಗೆ ನಲ್ಲಿ ಹಾಕಿಸಿರಲಿಲ್ಲ. ಕೊಳವೆಯಲ್ಲಿ ನೀರು ಹರಿಯುವ ಸದ್ದು ಬರವಣಿಗೆಗೆ ಅಡ್ಡಿ ಎಂದು ಅವರು ಒಪ್ಪಿರಲಿಲ್ಲವಂತೆ. ನೀರಿನ ಕೊಳವೆಗಳು ಬಂದದ್ದು 1957ರಲ್ಲಿ ಅವರು ತೀರಿಕೊಂಡ ಮೇಲೆಯೇ. ಐವತ್ತಮೂರು ವರ್ಷ! ಓದಿದವರು ಇದನ್ನು ಒಬ್ಬ ಸಂಗೀತಗಾರನ ಕಿವಿಯ ಸೂಕ್ಷ್ಮವೆಂದು ಮೆಚ್ಚಿಕೊಳ್ಳಬಹುದು. ನನಗೆ ಕಂಡದ್ದು ಕೊಡ. ನಲ್ಲಿ ಇಲ್ಲ ಎಂದರೆ ಅಡಿಗೆಗೆ, ಮುಸುರೆಗೆ, ಬಟ್ಟೆಗೆ, ಐದು ಹೆಣ್ಣುಮಕ್ಕಳ ಸ್ನಾನಕ್ಕೆ ನೀರನ್ನು ಯಾರೋ ಹೊರಗಿನಿಂದ ಹೊತ್ತು ತರಬೇಕು. ಅಲ್ಲಿಯ ಚಳಿಗಾಲ ಐದು ತಿಂಗಳ ಹಿಮ.

ಸಾಗರದ ಕಡೆಯ ನಮ್ಮ ಮನೆ ನೆನಪಾಯಿತು. ಅಪ್ಪಯ್ಯ ಯಕ್ಷಗಾನ ಮೇಳದಲ್ಲಿ ಭಾಗವತರಾಗಿದ್ದರು. ತಿರುಗಾಟದ ದಿನಗಳಲ್ಲಿ ಹತ್ತಿರದಲ್ಲೆಲ್ಲೋ ಆಟವಾದರೆ ಬೆಳಗಾದ ಮೇಲೆ ಮನೆಗೆ ಬಂದು ಮಲಗುತ್ತಿದ್ದರು. ಆಗ ಅಮ್ಮ ನಮ್ಮನ್ನೆಲ್ಲ ಹಿತ್ತಲಿಗೆ ಅಟ್ಟುತ್ತಿದ್ದಳು. ಬಾವಿಯ ರಾಟೆ ಕಿರುಗುಟ್ಟಬಾರದೆಂದು ಅದಕ್ಕೆ ಎಣ್ಣೆ ಬಿಟ್ಟು, ಕೊಡವನ್ನು ಕಟ್ಟೆಗೆ ತಾಗಿಸದೆ ಎತ್ತಿಕೊಳ್ಳುತ್ತಿದ್ದಳು. ಮಧ್ಯಾಹ್ನದವರೆಗೆ ಮನೆಯಲ್ಲಿ ಮಾತೆಲ್ಲ ಕೈಸನ್ನೆಯಲ್ಲಿ. ಅಪ್ಪಯ್ಯನ ಪದ ಕೇಳಲು ಊರೂರಿನಿಂದ ಜನ ಬರುತ್ತಿದ್ದರು. ಅಮ್ಮನ ಸದ್ದಿಲ್ಲದ ಕೊಡವನ್ನು ಕೇಳಿದವರು ನಾವು ಮಕ್ಕಳು ಮಾತ್ರ.

ಸಿಬೇಲಿಯಸ್ ಕೂಡ ರಾತ್ರಿ ಎಚ್ಚರವಿದ್ದು ಬರೆದು, ಬೆಳಿಗ್ಗೆ ತಡವಾಗಿ ಏಳುವ ರೂಢಿಯವರು. ಅವರಿಗೆ ಬರೆಯಲು ಪಿಯಾನೊ ಬೇಕಾಗಿರಲಿಲ್ಲ. ಐವತ್ತನೆಯ ಹುಟ್ಟುಹಬ್ಬಕ್ಕೆ ಗೆಳೆಯರು ಕೊಡಿಸಿದ ಸ್ಟೈನ್‌ವೇ ಪಿಯಾನೊ ಹಜಾರದಲ್ಲಿದೆ. ಆದರೆ ವಾದ್ಯವೃಂದದ ಸಂಗೀತ ರೂಪುಗೊಳ್ಳುತ್ತಿದ್ದದ್ದು ತಲೆಯೊಳಗೆ, ಕಾಡಿನಲ್ಲಿ ನಡೆಯುವಾಗ, ಸರೋವರದ ಕಡೆ ನೋಡುತ್ತಾ ಕೂತಾಗ. ತಲೆಯಲ್ಲಿ ಬರೆಯುವವರಿಗೆ ಸದ್ದು ಬಹಳ ತೊಂದರೆ ಕೊಡುತ್ತದೆ. ವಾದ್ಯ ನುಡಿಸುತ್ತಿದ್ದರೆ ಹೊರಗಿನ ಗದ್ದಲ ಅದರಲ್ಲೇ ಮುಳುಗೀತು. ತಲೆಯೊಳಗಿನ ಸ್ವರಕ್ಕೆ ಆ ರಕ್ಷಣೆ ಇಲ್ಲ. 1911ರಲ್ಲಿ ಮಹಡಿಯ ಮೇಲೆ ಅವರಿಗಾಗಿ ಬೇರೆ ಕೋಣೆಯಾಯಿತು. ಕೊನೆಯ ಮಗಳು ಹೈದಿ ಹುಟ್ಟಿದ್ದೂ ಅದೇ ವರ್ಷ. ಮೂರನೆಯದರಿಂದ ಏಳನೆಯದರವರೆಗಿನ ಸಿಂಫನಿಗಳು ಈ ಮನೆಯಲ್ಲಿ ಹುಟ್ಟಿದವು. ‘ತಾಪಿಯೋಲಾ’ 1926ರಲ್ಲಿ.

ತೋಟ ಐನೊ ಅವರದು. ಸಿಬೇಲಿಯಸ್ ಅದರಲ್ಲಿ ನಡೆದಾಡುವವರು, ನೋಡುವವರು. ಕಾಡು ಕಡಿದು, ಕಲ್ಲು ಹೆಕ್ಕಿ, ಮಣ್ಣು ಹದ ಮಾಡಿ ತರಕಾರಿ ಮಡಿಗಳನ್ನು ಎಬ್ಬಿಸಿ, ಸೇಬಿನ ಗಿಡಗಳನ್ನು ನೆಟ್ಟು, ಮನೆಯ ಅಡಿಗೆಗೆ ಬೇಕಾದದ್ದನ್ನು ಅಲ್ಲೇ ಬೆಳೆದವರು ಅವರು. ಇದು ದೊಡ್ಡ ಮನೆತನದ ಹೆಂಗಸಿನ ಹೊತ್ತು ಕಳೆಯುವ ಹೂದೋಟವಾಗಿರಲಿಲ್ಲ. ದೊಡ್ಡ ಮನೆತನವೇನೋ ಹೌದು. ಅಪ್ಪ ಸೇನೆಯಲ್ಲಿ ಜನರಲ್. ಆದರೆ ಅಣ್ಣ ಆರ್ವಿದ್ ಲೇಖಕರಾಗಿದ್ದು ಟಾಲ್‌ಸ್ಟಾಯ್ ವಿಚಾರಗಳನ್ನು ಮೈಗೂಡಿಸಿಕೊಂಡು ಹೊಲ ಮಾಡಲು ಹೋದವರು. ಮೈಮುರಿದು ದುಡಿಯುವುದು ಹೀನವಲ್ಲ ಎಂಬ ನಂಬಿಕೆ ಆ ಮನೆಯಲ್ಲಿ ಮೊದಲೇ ಇತ್ತು. ಹೊಸ ಮನೆಗೆ ಬಂದ ಮರುವರ್ಷವೇ ಅಂಗಳದ ಸೌನಾದ ನಕ್ಷೆಯನ್ನು ಐನೊ ಅವರೇ ಬರೆದರು. ಫಿನ್ಲೆಂಡಿನವರಿಗೆ ಸೌನಾ ನಮ್ಮ ಬಚ್ಚಲುಮನೆಗಿಂತ ಹೆಚ್ಚಿನದು. ಮೈ ತೊಳೆಯುವುದು, ಬಟ್ಟೆ ಒಗೆಯುವುದು, ಕಷ್ಟಸುಖ ಮಾತಾಡುವುದು ಎಲ್ಲ ಅಲ್ಲೇ. ಹೆಣ್ಣುಮಕ್ಕಳಿಗೆ ಬಟ್ಟೆ ಹೊಲಿದವರೂ, ಅವರನ್ನು ಶಾಲೆಗೆ ಸಿದ್ಧಗೊಳಿಸಲು ಮನೆಯಲ್ಲೇ ಪಾಠ ಹೇಳಿದವರೂ ಅವರೇ.

ಇದೆಲ್ಲ ಸುಲಭವಾಗಿ ಆಯಿತೆಂದು ಹೇಳಿದರೆ ಅವರಿಗೆ ಅನ್ಯಾಯ ಮಾಡಿದಂತೆ. 1907ರಲ್ಲಿ, ಮೂರನೆಯ ಸಿಂಫನಿ ಮುಗಿದ ವರ್ಷವೇ, ಐನೊ ಸೋತು ಹ್ಯುವಿಂಕ್ಯಾ ಊರಿನ ಆರೋಗ್ಯಧಾಮ ಸೇರಬೇಕಾಯಿತು. ಸಂಗೀತ ಚರಿತ್ರೆಯ ಪುಸ್ತಕಗಳಲ್ಲಿ ಈ ಎರಡು ಸಂಗತಿಗಳು ಬೇರೆ ಬೇರೆ ಪುಟಗಳಲ್ಲಿ ಇರುತ್ತವೆ. ಅವು ಒಂದೇ ಸಾಲಿನಲ್ಲಿ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಈ ಮನೆಯ ಹಾದಿ ಚೆನ್ನಾಗಿ ತಿಳಿದಿದ್ದವನು ಅಂಚೆಯವನು. ಸಿಬೇಲಿಯಸ್ ಅವರ ಬದುಕಿನ ದೊಡ್ಡ ಭಾಗ ಪತ್ರಗಳಲ್ಲಿ ನಡೆದಿದೆ. ಅದರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದವರು ಆಕ್ಸೆಲ್ ಕಾರ್ಪೆಲಾನ್. ಹೆಸರಿಗೆ ಬ್ಯಾರನ್, ಕೈಯಲ್ಲಿ ಕಾಸಿಲ್ಲ, ಮೈಯಲ್ಲಿ ಆರೋಗ್ಯವಿಲ್ಲ. 1900ರಲ್ಲಿ ಹೆಸರು ಹಾಕದ ಒಂದು ಪತ್ರದಿಂದ ಆ ಗೆಳೆತನ ಶುರುವಾಯಿತು. ತನ್ನಲ್ಲಿ ಹಣವಿಲ್ಲದಿದ್ದರೂ ಇದ್ದವರಿಂದ ಸಂಗ್ರಹಿಸಿ ಸಿಬೇಲಿಯಸ್ ಕುಟುಂಬ 1901ರಲ್ಲಿ ಇಟಲಿಗೆ ಹೋಗುವಂತೆ ಮಾಡಿದ್ದು ಇದೇ ಬಡ ಬ್ಯಾರನ್. ಆ ಪ್ರವಾಸದಲ್ಲಿ ಮೊಳೆತ ಎರಡನೆಯ ಸಿಂಫನಿ ಅವರಿಗೇ ಅರ್ಪಣೆಯಾಯಿತು. 1919ರಲ್ಲಿ ಕಾರ್ಪೆಲಾನ್ ತೀರಿಕೊಳ್ಳುವವರೆಗೂ ಐನೋಲಾದಿಂದ ಪತ್ರಗಳು ಹೋಗುತ್ತಲೇ ಇದ್ದವು. ಸಂಗೀತವನ್ನು ಸ್ವತಃ ಬರೆಯದ, ಆದರೆ ಬರೆಯುವವರ ಒಳಗನ್ನು ಬಲ್ಲ ಇಂಥ ಒಬ್ಬ ಓದುಗ, ಒಬ್ಬ ಕೇಳುಗ ಸಿಗುವುದು ಪುಣ್ಯ.

ಉಳಿದ ಪತ್ರಗಳು ಹೊಟ್ಟೆಪಾಡಿನವು. ಜರ್ಮನಿಯ ಪ್ರಕಾಶಕರಿಗೆ, ವಾದ್ಯವೃಂದಗಳಿಗೆ, ಸಾಲ ಕೊಟ್ಟವರಿಗೆ. ‘ವಾಲ್ಸ್ ತ್ರಿಸ್ತ್’ ಎಂಬ ಪುಟ್ಟ ರಚನೆ ಜಗತ್ತಿನ ಹೋಟೆಲು ಹೋಟೆಲುಗಳಲ್ಲಿ ನುಡಿಯಿತು. ಆದರೆ ಅವರು ಅದನ್ನು ಒಂದೇ ಸಲ ಸಣ್ಣ ಮೊತ್ತಕ್ಕೆ ಮಾರಿಬಿಟ್ಟಿದ್ದರು. 1914ರಲ್ಲಿ ಮಹಾಯುದ್ಧ ಶುರುವಾಯಿತು. ಫಿನ್ಲೆಂಡ್ ಆಗ ರಷ್ಯಾದ ಕೈಕೆಳಗೆ. ಲೈಪ್‌ಜಿಗ್‌ನ ದೊಡ್ಡ ಪ್ರಕಾಶಕರಾದ ಬ್ರೈಟ್‌ಕೋಪ್ಫ್ ಉಂಡ್ ಹೆರ್ಟೆಲ್ ಶತ್ರುದೇಶದವರಾದರು. ಹಣ ಬರುವ ದಾರಿ ಕಟ್ಟಿತು. ಸಿಂಫನಿ ಬರೆಯುವವರು ಈಗ ಊರಿನ ಪ್ರಕಾಶಕರಿಗೆ, ಮನೆಮನೆಯಲ್ಲಿ ನುಡಿಸಬಹುದಾದ ಸಣ್ಣ ಪಿಯಾನೊ ರಚನೆಗಳನ್ನು ಬರೆದುಕೊಡತೊಡಗಿದರು. ಯಾವುದರ ಬಗ್ಗೆ ಬರೆದರು? ಕಿಟಕಿಯಾಚೆ ಕಾಣುತ್ತಿದ್ದದ್ದರ ಬಗ್ಗೆ. ಐದು ಮರಗಳ ಒಂದು ಗೊಂಚಲು: ರೋವನ್, ಒಂಟಿ ಪೈನ್, ಆಸ್ಪೆನ್, ಬರ್ಚ್, ಸ್ಪ್ರೂಸ್. ಮತ್ತೆರಡು ವರ್ಷಕ್ಕೆ ಐದು ಹೂಗಳ ಇನ್ನೊಂದು: ಡೇಸಿ, ಕಾರ್ನೇಷನ್, ಐರಿಸ್, ಅಕ್ವಿಲೀಜಿಯ, ಕ್ಯಾಂಪನುಲ.

ವಿಮರ್ಶಕರು ಇವನ್ನು ಬಹುಕಾಲ ಅನ್ನಕ್ಕಾಗಿ ಬರೆದವು ಎಂದು ಪಕ್ಕಕ್ಕಿಟ್ಟರು. ಮಗಳ ಮನೆಯಲ್ಲಿ ಆ ‘ಸ್ಪ್ರೂಸ್’ ಕೇಳಿದ್ದೇನೆ. ಮೂರ್ನಾಲ್ಕು ನಿಮಿಷದ್ದು. ನಿಧಾನದ ಕುಣಿತದಂಥ ಲಯ, ನಡುವೆ ಒಮ್ಮೆ ಗಾಳಿ ಬೀಸಿ ಕೊಂಬೆಗಳೆಲ್ಲ ಅಲ್ಲಾಡಿ ಮತ್ತೆ ನಿಲ್ಲುತ್ತದೆ. ಅನ್ನಕ್ಕಾಗಿ ಬರೆದದ್ದೇ ಹೌದು. ಅನ್ನಕ್ಕಾಗಿ ಬೆಳೆದ ತೋಟವೂ ಹೊರಗೆ ಇತ್ತು. ಎರಡೂ ಒಂದೇ ಮನೆಯ ಕಷ್ಟಕ್ಕೆ ಕೊಟ್ಟ ಕೈ. ಯಾವುದರಲ್ಲೂ ಕೊರತೆ ಕಾಣುವ ಹಕ್ಕು ನಮಗಿಲ್ಲ.

ಅದೇ ಯುದ್ಧದ ವರ್ಷಗಳಲ್ಲಿ, 1915ರ ಏಪ್ರಿಲ್ 21ರಂದು, ಹದಿನಾರು ಹಂಸಗಳು ಅವರ ತಲೆಯ ಮೇಲೆ ಬಹಳ ಹೊತ್ತು ಸುತ್ತಿ ಬಿಸಿಲ ಮಂಜಿನಲ್ಲಿ ಮರೆಯಾದವು. ದಿನಚರಿಯಲ್ಲಿ ಅವರು ಅದನ್ನು ಬದುಕಿನ ದೊಡ್ಡ ಅನುಭವಗಳಲ್ಲಿ ಒಂದೆಂದು ಬರೆದುಕೊಂಡರು. ಐದನೆಯ ಸಿಂಫನಿಯ ಕೊನೆಯ ಭಾಗದಲ್ಲಿ ಕೊಂಬುಗಳು ತೂಗುವಂತೆ ಮೇಲೆ ಕೆಳಗೆ ನುಡಿಯುವ ಸ್ವರಗಳು ಆ ಹಂಸಗಳದು. ಹಂಸ ಹಾದುಹೋದದ್ದು ಕೆಲವು ನಿಮಿಷ. ಸಿಂಫನಿಯನ್ನು ಅದೇ ಡಿಸೆಂಬರಿನಲ್ಲಿ, ಐವತ್ತನೆಯ ಹುಟ್ಟುಹಬ್ಬದಂದು ನುಡಿಸಿದರೂ ಅವರಿಗೆ ಸಮಾಧಾನವಾಗಲಿಲ್ಲ. ತಿದ್ದಿ, ಮತ್ತೆ ತಿದ್ದಿ, ಈಗ ನಾವು ಕೇಳುವ ರೂಪಕ್ಕೆ ತಂದದ್ದು 1919ರಲ್ಲಿ. ಆ ನಾಲ್ಕು ವರ್ಷ ಮೇಜಿನ ಮುಂದೆ ಕೂತವರಿಗೆ ಯಾರೋ ಹೊತ್ತಿಗೆ ಸರಿಯಾಗಿ ಊಟ ಬಡಿಸಿದ್ದಾರೆ. ನಡುವೆ 1918ರ ಅಂತರ್ಯುದ್ಧ. ಕೆಂಪು ದಳದವರು ಬಂದು ಮನೆ ಶೋಧಿಸಿದರು. ಸಂಸಾರ ಹೆಲ್ಸಿಂಕಿಗೆ, ಆಸ್ಪತ್ರೆಯಲ್ಲಿ ವೈದ್ಯರಾಗಿದ್ದ ತಮ್ಮ ಕ್ರಿಸ್ಟಿಯನ್ ಅವರ ಆಶ್ರಯಕ್ಕೆ ಹೋಯಿತು. ಅಲ್ಲಿ ತಿನ್ನಲು ಸಾಕಷ್ಟು ಇಲ್ಲದೆ ಸಿಬೇಲಿಯಸ್ ಸುಮಾರು ಇಪ್ಪತ್ತು ಕಿಲೊ ಇಳಿದರು. ತೋಟವಿಲ್ಲದ ಊರಿನಲ್ಲಿ ಕಳೆದ ಆ ವಾರಗಳು, ತೋಟದ ಬೆಲೆ ಏನೆಂದು ಹೇಳುತ್ತವೆ.

ಪತ್ರಗಳ ಮಾತು ಮುಗಿದಿಲ್ಲ. ಗಂಡಹೆಂಡಿರ ನಡುವಿನ ಪತ್ರಗಳೂ ಇವೆ. ಮದುವೆಗೆ ಮುಂಚೆ ಐನೊ ಬರೆಯುತ್ತಿದ್ದದ್ದು ಫಿನ್ನಿಷ್‌ನಲ್ಲಿ. ಸಿಬೇಲಿಯಸ್ ಮನೆಮಾತು ಸ್ವೀಡಿಷ್. ಐನೊಗಾಗಿ ಫಿನ್ನಿಷ್ ಬರೆಯಲು ಪ್ರಯತ್ನಿಸಿ, ಮನಸ್ಸು ತುಂಬಿ ಬಂದಾಗ ಸ್ವೀಡಿಷ್‌ಗೆ ಹೊರಳುತ್ತಿದ್ದರು. ಮನೆಯಲ್ಲೊಂದು ಬೀದಿಯಲ್ಲೊಂದು ಮಾತಾಡಿ ಬೆಳೆದ ನಮ್ಮ ಕರಾವಳಿ, ಗಡಿನಾಡುಗಳ ಜನರಿಗೆ ಇದನ್ನು ವಿವರಿಸಬೇಕಿಲ್ಲ. ಆಮೇಲಿನ ವರ್ಷಗಳಲ್ಲಿ ಪತ್ರದ ಧ್ವನಿ ಬದಲಾಯಿತು. 1908ರಲ್ಲಿ ಗಂಟಲಿನ ಗಡ್ಡೆ ತೆಗೆಸಿಕೊಂಡ ಮೇಲೆ ಏಳು ವರ್ಷ ಕುಡಿತ, ಚುಟ್ಟ ಎರಡನ್ನೂ ಬಿಟ್ಟಿದ್ದ ಸಿಬೇಲಿಯಸ್ ಮತ್ತೆ ಅದಕ್ಕೆ ಮರಳಿದ್ದರು. ಅದು ಮಿತಿಮೀರಿದಾಗ ಐನೊ ಕಾಗದದಲ್ಲೇ ಕಟುವಾಗಿ ಎಚ್ಚರಿಸಿದರು. 1924ರ ಮಾರ್ಚ್‌ನಲ್ಲಿ ಏಳನೆಯ ಸಿಂಫನಿ ಸ್ಟಾಕ್‌ಹೋಮ್‌ನಲ್ಲಿ ಮೊದಲ ಸಲ ನುಡಿದಾಗ ಅವರು ಜೊತೆಗೆ ಹೋಗಲಿಲ್ಲ. ಹೋಗದೆ ಇದ್ದದ್ದೂ ಒಂದು ಮಾತೇ. ಐನೊ ಅವರನ್ನು ತಾಳ್ಮೆಯ ಮೂರ್ತಿಯಂತೆ ಚಿತ್ರಿಸುವವರು ಈ ಮಾರ್ಚ್ ತಿಂಗಳನ್ನು ನೋಡಬೇಕು. ಅಮ್ಮನೂ ಒಮ್ಮೆ, ಅಪ್ಪಯ್ಯನಿಗೆ ಸನ್ಮಾನವಾದ ರಾತ್ರಿ, ಸನ್ಮಾನಕ್ಕೆ ಹೋಗದೆ ಮನೆಯಲ್ಲೇ ಉಳಿದಿದ್ದಳು. ಕಾರಣವನ್ನು ನಮಗೆ ಹೇಳಲಿಲ್ಲ. ನಾನು ಕೇಳಬೇಕಿತ್ತು.

‘ತಾಪಿಯೋಲಾ’ ಆದಮೇಲೆ ದೊಡ್ಡ ರಚನೆ ಯಾವುದೂ ಹೊರಗೆ ಬರಲಿಲ್ಲ. ಮೂವತ್ತು ವರ್ಷ. ಸಾಲ ಆ ಹೊತ್ತಿಗೆ ತೀರಿತ್ತು, ಕೀರ್ತಿ ಎಲ್ಲೆಲ್ಲೂ ಹಬ್ಬಿತ್ತು. ಸಂಗೀತ ನಿಂತಿತು, ಪತ್ರಗಳು ಹೆಚ್ಚಿದವು. ಅಮೆರಿಕ, ಇಂಗ್ಲೆಂಡ್, ಎಲ್ಲೆಲ್ಲಿಂದಲೋ ಅಭಿಮಾನಿಗಳ ಕಾಗದಗಳು ಬಂದು ರಾಶಿ ಬೀಳುತ್ತಿದ್ದವು. 1938ರಿಂದ ಸಾಂತೇರಿ ಲೇವಸ್ ಎಂಬ ಕಾರ್ಯದರ್ಶಿ ಉತ್ತರ ಬರೆಯಲು ನೆರವಾದರು. ತೊಂಬತ್ತನೆಯ ಹುಟ್ಟುಹಬ್ಬಕ್ಕೆ ಚರ್ಚಿಲ್ ಚುಟ್ಟದ ಪೆಟ್ಟಿಗೆ ಕಳುಹಿಸಿದ್ದರು. ಎಲ್ಲರೂ ಕೇಳುತ್ತಿದ್ದದ್ದು ಒಂದನ್ನೇ, ಎಂಟನೆಯ ಸಿಂಫನಿ ಎಲ್ಲಿ?

ಅದರ ಉತ್ತರ ಈ ಊಟದ ಕೋಣೆಯಲ್ಲಿದೆ. 1940ರ ದಶಕದಲ್ಲಿ ಒಂದು ದಿನ ಸಿಬೇಲಿಯಸ್ ತಮ್ಮ ಹಸ್ತಪ್ರತಿಗಳನ್ನು ಬಟ್ಟೆ ಹಾಕುವ ಬುಟ್ಟಿಯಲ್ಲಿ ತುಂಬಿ ತಂದು ಬೆಂಕಿಗೆ ಹಾಕಿದರು. ಎಂಟನೆಯ ಸಿಂಫನಿಯೂ ಅದರಲ್ಲಿ ಹೋಯಿತೆಂದೇ ಎಲ್ಲರೂ ನಂಬಿದ್ದಾರೆ. ಅದನ್ನು ನಿಂತು ನೋಡುವ ಶಕ್ತಿ ತನಗಿರಲಿಲ್ಲ, ಕೋಣೆಯಿಂದ ಹೊರಗೆ ಹೋದೆ ಎಂದು ಐನೊ ಮುಂದೆ ನೆನೆಸಿಕೊಂಡರು. ಆಮೇಲೆ ಗಂಡನ ಮನಸ್ಸು ಹಗುರಾಯಿತು, ಶಾಂತರಾದರು ಎಂದೂ ಹೇಳಿದ್ದಾರೆ. ಹಸಿರು ಬೆಂಕಿಗೂಡನ್ನು ಮತ್ತೊಮ್ಮೆ ನೋಡಿದೆ. ಎಷ್ಟು ಸಾವಿರ ದಿನಗಳ ಮೌನ, ಎಷ್ಟು ಸಾವಿರ ಕೊಡ ನೀರು ಅದರಲ್ಲಿ ಸುಟ್ಟುಹೋಯಿತು ಎಂಬ ಸಂಕಟ ನನ್ನದು. ಐನೊ ಹಾಗೆ ಲೆಕ್ಕ ಹಾಕಲಿಲ್ಲ. ಗಂಡ ಶಾಂತರಾದರು ಎಂಬುದನ್ನೇ ಅವರು ನೆನಪಿಟ್ಟುಕೊಂಡರು.

ಹೊರಗೆ ಬಂದಾಗ ಮಗಳು ತೋಟದ ಬೇಲಿಯ ಹತ್ತಿರ ನಿಂತಿದ್ದಳು. "ಅಮ್ಮ, ನೀನು ಊರಲ್ಲಿ ಬಸಳೆ ಚಪ್ಪರಕ್ಕೆ ಬಚ್ಚಲು ನೀರು ಬಿಡ್ತಿದ್ದೆಯಲ್ಲ, ಇಲ್ಲಿ ಏನು ಮಾಡ್ತಿದ್ದಿರಬಹುದು?" ಎಂದಳು. ಮುಸುರೆ ನೀರನ್ನು ಚೆಲ್ಲುವ ಹೆಂಗಸಿನಂತೆ ಐನೊ ನನಗೆ ಕಾಣಲಿಲ್ಲ ಎಂದೆ. ಸೇಬಿನ ಮರಗಳಲ್ಲಿ ಹೂ ಉದುರಿ ಬಟಾಣಿಯಷ್ಟು ಕಾಯಿ ಕೂತಿತ್ತು. ಮೊಮ್ಮಗ ಸರೋವರದ ಕಡೆಗೆ ಕೈಮಾಡಿ ಹಂಸ ಹುಡುಕುತ್ತಿದ್ದ. ಅವತ್ತು ಒಂದೂ ಕಾಣಲಿಲ್ಲ.

1957ರ ಸೆಪ್ಟೆಂಬರ್ 20ರ ರಾತ್ರಿ ಈ ಮನೆಯಲ್ಲೇ ಸಿಬೇಲಿಯಸ್ ಕಣ್ಣುಮುಚ್ಚಿದರು. ಆ ಹೊತ್ತಿಗೆ ಹೆಲ್ಸಿಂಕಿಯಲ್ಲಿ ವಾದ್ಯವೃಂದದ ನಿರ್ದೇಶಕ ಮ್ಯಾಲ್ಕಮ್ ಸಾರ್ಜೆಂಟ್, ಸಿಬೇಲಿಯಸ್ ಅವರ ಐದನೆಯ ಸಿಂಫನಿಯನ್ನು, ಆ ಹಂಸಗಳ ಸಿಂಫನಿಯನ್ನು ನುಡಿಸುತ್ತಿದ್ದರು. ಸಿಬೇಲಿಯಸ್ ಅವರನ್ನು ಮಣ್ಣು ಮಾಡಿದ್ದು ಐನೊ ಬೆಳೆಸಿದ ಈ ತೋಟದಲ್ಲಿ. ನಲ್ಲಿ ಬಂದ ಮನೆಯಲ್ಲಿ ಐನೊ ಇನ್ನೂ ಹನ್ನೆರಡು ವರ್ಷ ಇದ್ದು, 1969ರ ಜೂನ್‌ನಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡು ಅದೇ ಮಣ್ಣಿಗೆ ಸೇರಿದರು. ಹೆಣ್ಣುಮಕ್ಕಳು 1972ರಲ್ಲಿ ಮನೆಯನ್ನು ಸರ್ಕಾರಕ್ಕೆ ಮಾರಿದರು. 1974ರಿಂದ ಅದು ವಸ್ತುಸಂಗ್ರಹಾಲಯ.

ಹೆಲ್ಸಿಂಕಿಗೆ ಮಕ್ಕಳನ್ನು ನೋಡಲು ಹೋಗುವ ನಮ್ಮವರು ಈಗ ಬಹಳ ಮಂದಿ ಇದ್ದಾರೆ. ಬೇಸಗೆಯಲ್ಲಿ ಹೋದರೆ ಒಂದು ದಿನವನ್ನು ಐನೋಲಾಕ್ಕೆ ಇಡಿ. ಪಿಯಾನೊ ನೋಡಿ, ಹಸಿರು ಬೆಂಕಿಗೂಡು ನೋಡಿ. ಆದರೆ ಅದಕ್ಕೂ ಮೊದಲು ತೋಟಕ್ಕೆ ಹೋಗಿ.